ಕೈಮಾ ಒದಗಬೇಕು: ಹುರಿಗಡಲೆ ಹಾಕುವುದು ಮೋಸವಲ್ಲ

ನಮಸ್ಕಾರ. ಇಂದು ಒಲೆ ಹಚ್ಚುವುದಕ್ಕೆ ಮೊದಲು ಒಂದು ಮಾತು ಆಡಲೇಬೇಕಾಗಿದೆ. ಕಳೆದ ಸಂಚಿಕೆಯಲ್ಲಿ ಅರ್ಧ ಕಿಲೋ ಕುರಿ ಕೈಮಾದಲ್ಲಿ 25 ಉಂಡೆ ಕಟ್ಟಿ, ಏಳು ಜನರಿಗೆ ಮುದ್ದೆಯ ಜೊತೆ ಬಡಿಸುವುದು ಹೇಗೆಂದು ತೋರಿಸಿದ್ದೆ. ಅದನ್ನು ನೋಡಿದ ವೀಕ್ಷಕರೊಬ್ಬರು, ಮಾಂಸ ತಿನ್ನುವುದಾದರೆ ಮಾಂಸ ತಿನ್ನಿ, ಕಾಳು ತಿನ್ನುವುದಾದರೆ ಕಾಳು ತಿನ್ನಿ, ಹುರಿಗಡಲೆ ಬೆರೆಸಿ ಉಂಡೆಯ ಲೆಕ್ಕ ಹೆಚ್ಚಿಸುವುದು ಜಿಪುಣತನ, ಊಟಕ್ಕೆ ಕುಳಿತವರಿಗೆ ಮಾಡುವ ಮೋಸ ಎಂದು ಬರೆದಿದ್ದಾರೆ. ಜಿಪುಣತನ ಎಂದಷ್ಟೇ ಬರೆದಿದ್ದರೆ ಸುಮ್ಮನಿರುತ್ತಿದ್ದೆ. ಮೋಸ ಎಂಬ ಮಾತು ಮಾತ್ರ ನಾಲ್ಕು ದಿನದಿಂದ ಗಂಟಲಲ್ಲಿ ಮುಳ್ಳಿನಂತೆ ಕುಳಿತಿದೆ. ನನ್ನೊಬ್ಬಳಿಗೆ ಆಡಿದ ಮಾತಾಗಿದ್ದರೆ ನುಂಗಿಕೊಳ್ಳಬಹುದಿತ್ತು. ನಮ್ಮ ಅಜ್ಜಿ, ಅವರ ತಾಯಿ, ಮಂಡ್ಯ, ಮೈಸೂರು, ರಾಮನಗರದ ಸೀಮೆಯಲ್ಲಿ ಭಾನುವಾರ ಬಾಡು ಬೇಯಿಸುತ್ತ ಬಂದ ಅಷ್ಟೂ ಹೆಂಗಸರನ್ನು ಅದು ಮೋಸಗಾರರೆನ್ನುತ್ತದೆ.

ನಾನು ಹೇಳುವುದು ಒಂದೇ ಮಾತು: ಕೈಮಾ ಎಂಬುದು ಒದಗುವ ಅಡುಗೆ. ಹಳೆಯ ಅಕ್ಕಿ ಒದಗುತ್ತದೆ, ಹೊಸ ಅಕ್ಕಿ ಒದಗುವುದಿಲ್ಲ ಎನ್ನುತ್ತೇವಲ್ಲ, ಆ ಅರ್ಥದಲ್ಲಿಯೇ ಒದಗುವುದು, ಸ್ವಲ್ಪವೇ ಇದ್ದರೂ ಹೆಚ್ಚು ಜನರಿಗೆ ಸಾಲುವುದು. ತುಂಡು ಮಾಂಸ ಒದಗುವುದಿಲ್ಲ. ಅರ್ಧ ಕಿಲೋ ತಂದರೆ ಮೂಳೆ ಸೇರಿ ಹದಿನೈದೋ ಹದಿನಾರೋ ತುಂಡಾಗುತ್ತದೆ, ಯಾರ ತಟ್ಟೆಗೆ ಮೂಳೆ ಬಿತ್ತು, ಯಾರಿಗೆ ಮೆತ್ತನೆಯ ತುಂಡು ಹೋಯಿತು ಎಂಬ ಮುನಿಸು ಊಟ ಮುಗಿಯುವವರೆಗೂ ಇರುತ್ತದೆ. ಅದೇ ಮಾಂಸವನ್ನು ಕೊಚ್ಚಿದರೆ ಮಸಾಲೆ, ಸೊಪ್ಪು, ಕಾಯಿ, ಕಾಳಿನ ಪುಡಿ ಎಲ್ಲವೂ ಅದರ ಒಳಗೇ ಹೋಗಿ ಕೂರುತ್ತವೆ, ಪ್ರತಿಯೊಂದು ತುತ್ತಿನಲ್ಲಿಯೂ ಮಾಂಸದ ರುಚಿ ಸಿಗುತ್ತದೆ. ಒದಗಿಸುವ ಇರಾದೆ ಇಲ್ಲದಿದ್ದರೆ ಕೊಚ್ಚುವ ಕಷ್ಟವಾದರೂ ಏತಕ್ಕೆ?

ನಮ್ಮ ಅಜ್ಜಿಯ ಮನೆಯಲ್ಲಿ ಕೈಮಾ ಉಂಡೆಯ ದಿನ ಅಡುಗೆಮನೆಗೆ ಬೇರೆಯೇ ಗಾಂಭೀರ್ಯ ಬರುತ್ತಿತ್ತು. ಹುರಿಗಡಲೆಯನ್ನು ಒರಳಿನಲ್ಲಿ ಒಣಗಿದ್ದಂತೆಯೇ ನುಣ್ಣಗೆ ಕುಟ್ಟಿ, ಚಕ್ಕೆ, ಲವಂಗ, ಗಸಗಸೆ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಮತ್ತು ಕಾಯಿತುರಿಯನ್ನು ನೀರು ಮುಟ್ಟಿಸದೆ ರುಬ್ಬಿ, ಎಲ್ಲವನ್ನೂ ಕೈಮಾದ ಜೊತೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಿದ್ದರು. ಪಕ್ಕದ ಒಲೆಯಲ್ಲಿ ಸಾರು ಕೊತಕೊತ ಕುದಿಯಬೇಕು. ಮೊದಲು ಒಂದೇ ಒಂದು ಉಂಡೆಯನ್ನು ತಪ್ಪಲೆಯ ಅಂಚಿನಿಂದ ಜಾರಿಸಿ ಬಿಟ್ಟು, ಅದು ಒಡೆಯುತ್ತದೋ ನಿಲ್ಲುತ್ತದೋ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಿಂತಿತೆಂದು ಗೊತ್ತಾದ ಮೇಲೆ ಉಳಿದವನ್ನು ಒಂದು, ಎರಡು, ಮೂರು ಎಂದು ತುಟಿಯಲ್ಲೇ ಎಣಿಸುತ್ತ ಬಿಡುತ್ತಿದ್ದರು. ಆಮೇಲೆ ಹತ್ತು ನಿಮಿಷ ಯಾರೂ ಸೌಟು ಹಾಕುವಂತಿಲ್ಲ. ತಿರುವಬೇಕೆನಿಸಿದರೆ ಬಟ್ಟೆಯಲ್ಲಿ ತಪ್ಪಲೆಯ ಎರಡೂ ಕಡೆ ಹಿಡಿದು ಮೆಲ್ಲಗೆ ಕುಲುಕಿಸುವುದು, ಅಷ್ಟೇ. ದೊಡ್ಡವರಿಗೆ ತಲಾ ಮೂರು, ಮಕ್ಕಳಿಗೆ ಎರಡು, ಹೊಲದಿಂದ ತಡವಾಗಿ ಬರುವವರಿಗೆ ಮುಚ್ಚಿಟ್ಟದ್ದು ಮೂರು. ಆ ಎಣಿಕೆಯಲ್ಲಿ ಒಬ್ಬರಿಗೂ ಕಡಿಮೆಯಾದದ್ದನ್ನು ನಾನು ನೋಡಿಲ್ಲ. ಇದು ಮೋಸವೇ? ಹೊಲದಿಂದ ಬಂದವರ ಪಾಲನ್ನು ನೆನಪಿಟ್ಟು ತೆಗೆದಿಡುವುದಕ್ಕೆ ಮೋಸ ಎಂದು ಹೆಸರಿಡುವವರ ಜೊತೆ ನಾನು ಯಾವ ಭಾಷೆಯಲ್ಲಿ ಮಾತಾಡಲಿ?

ಸರಿ, ಅಜ್ಜಿಯ ಮಾತು ಬಿಡಿ, ಹುರಿಗಡಲೆ ಉಂಡೆಯೊಳಗೆ ಮಾಡುವ ಕೆಲಸವನ್ನು ನೋಡಿ. ಮಾಂಸ ಬಿಸಿಗೆ ಕುಗ್ಗುತ್ತದೆ, ತನ್ನ ರಸವನ್ನೂ ಕೊಬ್ಬನ್ನೂ ಹಿಂಡಿ ಹೊರಗೆ ಬಿಡುತ್ತದೆ. ಬರೀ ಕೈಮಾವನ್ನು ಉಂಡೆ ಕಟ್ಟಿ ಬೇಯಿಸಿದರೆ ಅದರ ತೂಕದ ಸುಮಾರು ಕಾಲು ಭಾಗ ಕರಗಿಹೋಗುತ್ತದೆ, ಉಳಿದದ್ದು ಬಿಗಿದುಕೊಂಡು ಗಟ್ಟಿಯಾಗುತ್ತದೆ. ನಡುವೆ ಹುರಿಗಡಲೆಯ ಪುಡಿ ಇದ್ದರೆ ಆ ರಸವನ್ನು ಹೀರಿ ಉಂಡೆಯೊಳಗೇ ಹಿಡಿದಿಡುತ್ತದೆ, ಮಾಂಸದ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳದಂತೆ ತಡೆಯುತ್ತದೆ. ಉಂಡೆ ಮುರಿದಾಗ ಮೆತ್ತಗೆ ಬಿರಿಯುವುದು ಆ ಪುಡಿಯ ಕಾರಣದಿಂದ. ಕಡಲೆಹಿಟ್ಟು ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಬೇಡ, ಕಡಲೆಹಿಟ್ಟು ಹಸಿಯದು, ಅದರ ಹಸಿ ವಾಸನೆ ಹೋಗುವಷ್ಟರಲ್ಲಿ ಮಾಂಸ ಬೆಂದು ಮುಗಿದಿರುತ್ತದೆ. ಹುರಿಗಡಲೆ ಮೊದಲೇ ಹುರಿದು ಹದವಾಗಿ ಬಂದದ್ದು, ಆದ್ದರಿಂದಲೇ ಹಿಂದಿನವರು ಅದನ್ನು ಆರಿಸಿದರು. ಅರ್ಧ ಕಿಲೋ ಕೈಮಾಕ್ಕೆ 100 ಗ್ರಾಂ ಪುಡಿ ನನ್ನ ಅಳತೆ. ಅದನ್ನು ಮೀರಿದರೆ ಹಿಟ್ಟಿನ ರುಚಿ ಮುಂದೆ ಬರುತ್ತದೆ, ಅದನ್ನು ನಾನೂ ಒಪ್ಪುವುದಿಲ್ಲ. ತೊಳೆದ ಕೈಮಾವನ್ನು ಜರಡಿಯಲ್ಲಿ ಹಾಕಿ ನೀರು ಪೂರ್ತಿ ಬಸಿಯಲು ಬಿಡದಿದ್ದರೆ ಎಷ್ಟು ಪುಡಿ ಹಾಕಿದರೂ ಉಂಡೆ ನಿಲ್ಲುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ.

ಹುರಿಗಡಲೆ ಬಿಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿರುವುದು ಮಾಡಿ ನೋಡಿದ್ದರಿಂದಲೇ. ಕೆಲವು ವರ್ಷಗಳ ಹಿಂದೆ ನೆಂಟರು ಬಂದಾಗ, ಈ ಬಾರಿ ಧಾರಾಳವಾಗಿರಲಿ ಎಂದು ಒಂದು ಕಿಲೋ ಕೈಮಾ ತರಿಸಿ, ಒಂದು ಚಮಚ ಪುಡಿಯನ್ನೂ ಬೆರೆಸದೆ ಉಂಡೆ ಕಟ್ಟಿದೆ. ಹಾಕುವಾಗ ನಿಂಬೆಹಣ್ಣಿನ ಗಾತ್ರವಿದ್ದವು, ಬೆಂದು ಮೇಲೆ ಬಂದಾಗ ನೆಲ್ಲಿಕಾಯಿಯಷ್ಟಾಗಿದ್ದವು. ಸಾರಿನ ಮೇಲೆ ಕೊಬ್ಬು ಬೆರಳುದ್ದ ನಿಂತಿತ್ತು, ಐದಾರು ಉಂಡೆ ಒಡೆದು ಚೂರಾಗಿ ತಳ ಸೇರಿದ್ದವು, ಉಳಿದವನ್ನು ಮುರಿಯಲು ನಮ್ಮ ಚಿಕ್ಕಪ್ಪ ಎರಡೂ ಕೈ ಹಾಕಬೇಕಾಯಿತು. ಎರಡರಷ್ಟು ಹಣ, ಅರ್ಧದಷ್ಟು ರುಚಿ. ಮಾಂಸ ಹೆಚ್ಚಾದಷ್ಟೂ ರುಚಿ ಹೆಚ್ಚು ಎಂಬ ವಾದ ಆ ತಪ್ಪಲೆಯ ತಳದಲ್ಲಿ ಚೂರಾಗಿ ಬಿದ್ದಿತ್ತು, ಅದನ್ನು ಮತ್ತೆ ನನ್ನೆದುರು ಎತ್ತಬೇಡಿ.

ಕಲಬೆರಕೆ ಎಂಬ ಮಾತನ್ನೂ ಒಬ್ಬಿಬ್ಬರು ಬಳಸಿದ್ದಾರೆ. ಕಲಬೆರಕೆ ಎಂದರೆ ತಿನ್ನುವವರಿಗೆ ತಿಳಿಸದೆ, ಒಂದರ ಬೆಲೆ ಪಡೆದು ಇನ್ನೊಂದನ್ನು ಸೇರಿಸಿ ಕೊಡುವುದು. ಅದನ್ನು ಹುಡುಕುವುದಾದರೆ ಮಟನ್ ಅಂಗಡಿಯ ತಟ್ಟೆಯಲ್ಲಿ ಬೆಳಗಿನಿಂದ ಕೊಚ್ಚಿಟ್ಟ ಕೈಮಾದಲ್ಲಿ ಹುಡುಕಿ. ಅದರಲ್ಲಿ ಕೊಬ್ಬೆಷ್ಟು, ಪೊರೆಯೆಷ್ಟು, ಯಾವ ಭಾಗದ ಮಾಂಸವೆಷ್ಟು ಎಂದು ಹೇಳುವವರಿಲ್ಲ. ನಾನು ಮುಂಗಾಲಿನ ಭಾಗವನ್ನು ತೋರಿಸಿ, ತೂಗಿಸಿ, ಕಣ್ಣೆದುರೇ ಹುಣಸೆ ಕೊರಡಿನ ಮೇಲೆ ಕತ್ತಿಯಲ್ಲಿ ಕೊಚ್ಚಿಸಿಕೊಂಡು ಬರುತ್ತೇನೆ. ಯಂತ್ರದಲ್ಲಿ ಅರೆದದ್ದು ಹಿಟ್ಟಿನಂತಾಗುತ್ತದೆ, ಕತ್ತಿಯದು ಹಲ್ಲಿಗೆ ಸಿಗುತ್ತದೆ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇಡೀ ತುಂಡಿನಲ್ಲಿ ಹೊರಮೈಯಲ್ಲಷ್ಟೇ ಇರುವ ಸೂಕ್ಷ್ಮಜೀವಿಗಳು ಕೊಚ್ಚಿದಾಗ ಒಳಗೆಲ್ಲ ಹರಡುತ್ತವೆ, ಆದ್ದರಿಂದ ಕೈಮಾವನ್ನು ತಂದ ದಿನವೇ ಬೇಯಿಸಬೇಕು, ಉಂಡೆಯ ನಡುಭಾಗದವರೆಗೂ ಬೇಯಬೇಕು. ಅಮೆರಿಕದ ಕೃಷಿ ಇಲಾಖೆ ಕೊಚ್ಚಿದ ಮಾಂಸದ ನಡುವಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆನ್ನುತ್ತದೆ. ಕುದಿಯುವ ಸಾರಿನಲ್ಲಿ ಇಪ್ಪತ್ತೈದು ನಿಮಿಷ ಇದ್ದ ಉಂಡೆ ಅದನ್ನು ದಾಟಿರುತ್ತದೆ.

ಮಾಂಸಕ್ಕೆ ಧಾನ್ಯ ಬೆರೆಸುವುದು ಮೋಸವಾದರೆ ಪ್ರಪಂಚದ ಅರ್ಧ ಅಡುಗೆಮನೆಗಳು ಕಟಕಟೆ ಹತ್ತಬೇಕಾಗುತ್ತದೆ. ಶಾಮಿ ಕಬಾಬಿನಲ್ಲಿ ಕಡಲೆಬೇಳೆ ಇದೆ. ಸಿರಿಯಾ, ಲೆಬನಾನಿನ ಕಿಬ್ಬೆಯಲ್ಲಿ ಗೋಧಿ ನುಚ್ಚಿದೆ. ಸ್ವೀಡನ್ನಿನವರು ತಮ್ಮ ಮಾಂಸದುಂಡೆಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಪುಡಿ ಹಾಕುತ್ತಾರೆ. 2010 ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಹೈದರಾಬಾದಿನ ಹಲೀಮಿನಲ್ಲಿ ಗೋಧಿಯೂ ಇದೆ, ಬೇಳೆಯೂ ಇದೆ. ರಂಜಾನ್ ತಿಂಗಳಲ್ಲಿ ಅದಕ್ಕಾಗಿ ಸಾಲು ನಿಲ್ಲುವವರಲ್ಲಿ ಯಾರೂ ಮಾಂಸ ಬೇರೆ, ಗೋಧಿ ಬೇರೆ ಕೊಡಿ ಎಂದು ಕೇಳುವುದಿಲ್ಲ. ಬೆಂಗಳೂರಿನ ಮಿಲಿಟರಿ ಹೋಟೆಲಿನಲ್ಲಿ ಭಾನುವಾರ ಬಾಯಿ ಚಪ್ಪರಿಸಿ ತಿನ್ನುವ ಕೈಮಾ ಉಂಡೆಗೂ ಹುರಿಗಡಲೆ ಬೀಳುತ್ತದೆ. ಅಲ್ಲಿ ತಟ್ಟೆಗೆ ದುಡ್ಡು ಕೊಟ್ಟು ತಿಂದು ಹೊಗಳುವುದು, ಮನೆಯಲ್ಲಿ ಹೆಂಗಸು ಅದನ್ನೇ ಮಾಡಿದರೆ ಜಿಪುಣಿ ಎನ್ನುವುದು, ಇದಕ್ಕಿಂತ ಅನ್ಯಾಯದ ಮಾತನ್ನು ನಾನು ಕೇಳಿಲ್ಲ.

ಈಗ ಹಣದ ಲೆಕ್ಕಕ್ಕೆ ಬನ್ನಿ. ಕಳೆದ ಭಾನುವಾರ ಅರ್ಧ ಕಿಲೋ ಕೈಮಾಕ್ಕೆ ನಾನು ಕೊಟ್ಟದ್ದು 450 ರೂಪಾಯಿ. 100 ಗ್ರಾಂ ಹುರಿಗಡಲೆಗೆ 15 ರೂಪಾಯಿ. ಬರೀ ಮಾಂಸದಲ್ಲಿ ಅದೇ ಗಾತ್ರದ ಉಂಡೆ ಕಟ್ಟಿದ್ದರೆ ಹದಿನಾರೋ ಹದಿನೇಳೋ ಆಗುತ್ತಿದ್ದವು, ಪುಡಿ, ಕಾಯಿ, ಈರುಳ್ಳಿ, ಸೊಪ್ಪು ಸೇರಿ 25 ಆದವು. ಏಳು ಜನರಿಗೆ ತಲಾ ಮೂರು, ಮರುದಿನ ಬೆಳಿಗ್ಗೆ ದೋಸೆಗೆ ನಾಲ್ಕು. ಪೌಷ್ಟಿಕಾಂಶ ಹೋಯಿತು ಎನ್ನುವವರು ಕೇಳಿ: 100 ಗ್ರಾಂ ಹುರಿಗಡಲೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ, ಹಸಿ ಕುರಿಮಾಂಸದಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ತಿಂಗಳಿಗೆ ಎರಡು ಬಾರಿ ಬಾಡು ತರುವ ಮನೆ ಇದೇ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರು ಬಾರಿ ತರಬಹುದು. ಮಕ್ಕಳು ಇನ್ನೊಂದು ಭಾನುವಾರ ಸಂತೋಷದಿಂದ ಉಣ್ಣುವುದನ್ನು ಜಿಪುಣತನ ಎನ್ನುವುದಾದರೆ ಅನ್ನಲಿ, ನಾನು ಕೈ ಬಿಡುವುದಿಲ್ಲ.

ಹುರಿಗಡಲೆ ಒಂದೇ ಅಲ್ಲ, ಕೈಮಾ ಯಾವುದರ ಜೊತೆಗಾದರೂ ಒದಗುತ್ತದೆ. ಕಾಲು ಕಿಲೋ ಕೈಮಾಕ್ಕೆ ಎರಡು ಕಟ್ಟು ಮೆಂತ್ಯ ಸೊಪ್ಪು ಹಾಕಿ ಬಾಣಲೆಯಲ್ಲಿ ಬಾಡಿಸಿದರೆ ನಾಲ್ಕು ಜನರಿಗೆ ಚಪಾತಿಗೆ ಸಾಕು. ಕೈಮಾದ ಕೊಬ್ಬಿಗೆ ಮೆಂತ್ಯದ ಕಹಿ ಎಷ್ಟು ಹೊಂದುತ್ತದೆಂದರೆ ಬರೀ ಕೈಮಾ ಸಪ್ಪೆಯೆನಿಸುತ್ತದೆ. ಸಬ್ಬಸಿಗೆ ಸೊಪ್ಪಿಗೂ ಇದೇ ಮಾತು. ಹಸಿ ಬಟಾಣಿ, ಸಣ್ಣಗೆ ಹೆಚ್ಚಿದ ಆಲೂಗಡ್ಡೆ, ಎರಡೂ ನಡೆಯುತ್ತವೆ. ಉತ್ತರ ಕರ್ನಾಟಕದ ವೀಕ್ಷಕರು ಇದನ್ನು ಖೀಮಾ ಎನ್ನುತ್ತೀರಿ, ಹುರಿಗಡಲೆಯನ್ನು ಪುಟಾಣಿ ಎನ್ನುತ್ತೀರಿ, ಹೆಸರು ಯಾವುದಾದರೂ ತಪ್ಪಲೆ ಒಂದೇ. ಇವೆಲ್ಲಕ್ಕಿಂತ ಮೇಲೆ ಚಳಿಗಾಲದ ಹಿದುಕಿದ ಅವರೆಬೇಳೆ. ಡಿಸೆಂಬರ್, ಜನವರಿಯಲ್ಲಿ ಸೊಗಡು ಅವರೆ ಬಂದಾಗ ರಾತ್ರಿಯೆಲ್ಲ ನೆನೆಸಿ, ಬೆರಳಲ್ಲಿ ಒಂದೊಂದೇ ಹಿದುಕಿ, ಕೈಮಾದ ಸಾರಿಗೆ ಹಾಕಿದರೆ ಬೇಳೆ ಯಾವುದು, ಮಾಂಸ ಯಾವುದು ಎಂದು ಬಾಯಿ ವಿಚಾರಿಸುವುದಿಲ್ಲ. ಕಾಳು ಬೇರೆ, ಮಾಂಸ ಬೇರೆ ಎಂದವರು ಈ ಸಾರನ್ನು ಒಮ್ಮೆಯೂ ಉಂಡಿಲ್ಲ, ಉಂಡಿದ್ದರೆ ಆ ವಾಕ್ಯವನ್ನು ಬರೆಯುವ ಕೈ ಬರುತ್ತಿರಲಿಲ್ಲ.

ಅಷ್ಟೆಲ್ಲ ಕಷ್ಟ ಏಕೆ, ಕೋಳಿ ಕೈಮಾ ಅಗ್ಗ, ಅದನ್ನೇ ತನ್ನಿ ಎಂದೂ ಒಬ್ಬರು ಹೇಳಿದ್ದಾರೆ. ಕೋಳಿ ಕೈಮಾ ಸಾರಿನಲ್ಲಿ ಬೆಂದರೆ ಅದಕ್ಕೆ ಕುರಿಯ ಕೊಬ್ಬಿನ ಘಮ ಬರುವುದಿಲ್ಲ, ಈ ಚರ್ಚೆಗೆ ಅದು ಸೇರುವುದೇ ಇಲ್ಲ. ಇನ್ನೊಬ್ಬರು ಮೊಟ್ಟೆ ಒಡೆದು ಹಾಕಿದರೆ ಹುರಿಗಡಲೆ ಬೇಕಿಲ್ಲ ಎಂದಿದ್ದಾರೆ. ಮೊಟ್ಟೆ ಅಂಟಿಸುತ್ತದೆ, ಒದಗಿಸುವುದಿಲ್ಲ. ಒದಗಬೇಕು! ಕೈಮಾ ಒದಗಬೇಕು! ಇದನ್ನು ಎಷ್ಟು ಬಾರಿ ಹೇಳಬೇಕೋ ಅಷ್ಟು ಬಾರಿ ಹೇಳುತ್ತೇನೆ, ಪ್ರತಿ ಸಂಚಿಕೆಯಲ್ಲೂ ಹೇಳುತ್ತೇನೆ, ಹುರಿಗಡಲೆಯ ಡಬ್ಬಿಯನ್ನು ಕ್ಯಾಮೆರಾದ ಮುಂದೆಯೇ ಇಟ್ಟುಕೊಂಡು ಹೇಳುತ್ತೇನೆ.

ಈ ವಾಹಿನಿಯನ್ನು ಇನ್ನೂ ಸಬ್‌ಸ್ಕ್ರೈಬ್ ಮಾಡದವರು ಈಗಲೇ ಮಾಡಿ, ಗಂಟೆಯ ಗುರುತನ್ನೂ ಒತ್ತಿ. ಉಂಡೆಯ ಅಳತೆಯನ್ನು ಈ ವಿಡಿಯೊದ ಕೆಳಗೆ ಬರೆದಿದ್ದೇನೆ. ನಿಮ್ಮ ಮನೆಯಲ್ಲಿ ಕೈಮಾಕ್ಕೆ ಏನು ಬೆರೆಸುತ್ತೀರೆಂದು, ನಿಮ್ಮ ತಾಯಿ, ಅತ್ತೆ, ಅಜ್ಜಿ ಏನು ಬೆರೆಸುತ್ತಿದ್ದರೆಂದು ಬರೆಯಿರಿ, ಒಂದೊಂದನ್ನೂ ಓದುತ್ತೇನೆ. ಮೋಸ ಎಂದು ಬರೆದವರಿಗೂ ಹೇಳುತ್ತೇನೆ: ಈ ಭಾನುವಾರ ಅರ್ಧ ಕಿಲೋ ಕೈಮಾ ತಂದು ಎರಡು ಪಾಲು ಮಾಡಿ, ಒಂದಕ್ಕೆ ಹುರಿಗಡಲೆ ಹಾಕಿ, ಇನ್ನೊಂದಕ್ಕೆ ಹಾಕಬೇಡಿ, ಒಂದೇ ಸಾರಿನಲ್ಲಿ ಬಿಡಿ, ಮನೆಯ ಮಕ್ಕಳಿಗೆ ಬಡಿಸಿ, ಯಾವುದನ್ನು ಮತ್ತೆ ಕೇಳುತ್ತಾರೆಂದು ಬಂದು ತಿಳಿಸಿ. ಸಾರು ಕುದಿಯುತ್ತಿದೆ, ಮೊದಲ ಉಂಡೆಯನ್ನು ಈಗ ಬಿಡುತ್ತಿದ್ದೇನೆ, ನೋಡುತ್ತಿರಿ.