ಎಷ್ಟು ಹೊತ್ತು ಬಾರಿಸಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಡೊಳ್ಳಿನ ಬಗ್ಗೆ ಮಾತಾಡಿ, ಆದರೆ ಡೊಳ್ಳು ತರಬೇಡಿ ಅಂತ ಸ್ಟುಡಿಯೋದವರು ಮೊದಲೇ ಹೇಳಿದ್ದರು. ಒಂದು ಪೆಟ್ಟು ಬಿದ್ದರೆ ಮೈಕಿನ ಗತಿ ಏನು ಅನ್ನೋದು ಅವರ ಚಿಂತೆ. ಹಾಗಾಗಿ ಬರಿಗೈಯಲ್ಲಿ ಬಂದಿದ್ದೇನೆ. ಮಾತಿನ ಮಧ್ಯೆ ಮೇಜಿನ ಮೇಲೆ ಟಕ್ ಟಕ್ ಅಂತ ಏನಾದರೂ ಕೇಳಿಸಿದರೆ ಬೇಜಾರು ಮಾಡ್ಕೋಬೇಡಿ. ಅದು ಬೆರಳಿನ ಚಟ.

ನಾನು ಕಲಾವಿದ ಅಂತ ಹೇಳಿಕೊಳ್ಳುವವನಲ್ಲ. ಸಾಗರದ ಕಡೆಯ ಒಂದು ಸಹಕಾರ ಸಂಘದಲ್ಲಿ ಅಡಿಕೆ ಲೆಕ್ಕ ಬರೆಯುವುದು ನನ್ನ ಕೆಲಸ. ವಾರ ಮುಗಿಯಿತು ಅಂದರೆ ಸೊಂಟಕ್ಕೆ ಡೊಳ್ಳು ಕಟ್ಟುತ್ತೇನೆ. ನಮ್ಮ ತಂಡದಲ್ಲಿ 14 ಜನ ಇದ್ದೇವೆ. ಒಬ್ಬ ಗೂಡ್ಸ್ ಗಾಡಿ ಡ್ರೈವರ್, ಒಬ್ಬ ಫ್ಲೆಕ್ಸ್ ಅಂಗಡಿಯವನು, ಇಬ್ಬರು ಕೊನೆಗಾರರು, ನಾಲ್ಕು ಜನ ಕಾಲೇಜು ಹುಡುಗರು, ಹೀಗೆ. ಕೊನೆಗಾರರು ಅಂದರೆ ಅಡಿಕೆ ಮರ ಹತ್ತಿ ಗೊನೆ ಇಳಿಸುವವರು. ಮರದಿಂದ ಮರಕ್ಕೆ ಹಾರುವ ಅವರಿಗೆ ಡೊಳ್ಳು ಕಟ್ಟಿಕೊಂಡು ಕುಣಿಯುವುದು ಒಂದು ಲೆಕ್ಕವೇ ಅಲ್ಲ. ಕೂತು ಕೆಲಸ ಮಾಡುವ ನನ್ನಂಥವನಿಗೆ ಮಾತ್ರ ಸೋಮವಾರ ಸೊಂಟದ ಬೆಲೆ ಗೊತ್ತಾಗುತ್ತದೆ.

ಅಡಿಕೆ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೆ ನಮ್ಮ ಕಡೆ ಹಬ್ಬಗಳ ಕಾಲ. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿರಸಿಯದು ಎರಡು ವರ್ಷಕ್ಕೊಮ್ಮೆ. ಅವು ದೊಡ್ಡವು, ಅವುಗಳ ಮಾತೇ ಬೇರೆ. ಆದರೆ ಶಿವರಾತ್ರಿಯಿಂದ ಯುಗಾದಿಯವರೆಗೆ ಊರೂರಲ್ಲಿ ಒಂದು ತೇರು, ಒಂದು ವಾರ್ಷಿಕೋತ್ಸವ, ಒಂದು ಜಾನಪದ ಹಬ್ಬ ಇದ್ದೇ ಇರುತ್ತದೆ. ಹೋದ ವರ್ಷ ಆ ದಿನಗಳಲ್ಲಿ ಒಂದೇ ಶನಿವಾರ, ಭಾನುವಾರಕ್ಕೆ ಮೂರು ಕಡೆ ಒಪ್ಪಿಕೊಂಡುಬಿಟ್ಟೆವು. ಆ ಎರಡು ದಿನದ ಕಥೆ ಹೇಳುತ್ತೇನೆ.

ಕಥೆ ಶುರುವಾಗುವುದು ಶುಕ್ರವಾರ ಸಂಜೆ. ನನ್ನ ಡೊಳ್ಳು ಇರುವುದು ಅಡುಗೆಮನೆಯ ಅಟ್ಟದ ಮೇಲೆ. ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಅಲ್ಲಿ ಚರ್ಮದ ವಾದ್ಯ ಕಾಪಾಡುವುದು ಸುಲಭ ಅಲ್ಲ. ಒಲೆಯ ಬಿಸಿ, ಹೊಗೆ ತಾಗುತ್ತಿರಬೇಕು. ಗ್ಯಾಸ್ ಬಂದ ಮೇಲೂ ನಮ್ಮನೆಯಲ್ಲಿ ಒಂದು ಕಟ್ಟಿಗೆ ಒಲೆ ಉಳಿದಿದೆ. ಅದು ಅಕ್ಕಿರೊಟ್ಟಿಗೆ ಅಂತ ಹೆಂಡತಿ ಹೇಳುತ್ತಾಳೆ. ಡೊಳ್ಳಿಗೆ ಅಂತ ನಾನು.

ಡೊಳ್ಳು ನೋಡದೇ ಇದ್ದವರಿಗೆ ಹೇಳುತ್ತೇನೆ. ಒಳಗೆ ಟೊಳ್ಳು ಮಾಡಿದ ಪೀಪಾಯಿಯಂಥ ಮರದ ಮೈ. ಎರಡು ಕಡೆಯ ಬಾಯಿಗೂ ಚರ್ಮ. ಒಂದು ಬಾಯಿಂದ ಇನ್ನೊಂದು ಬಾಯಿಗೆ ಹಗ್ಗದ ಹೆಣಿಗೆ. ನನ್ನದನ್ನು ಸಂಘದ ಅಡಿಕೆ ತಕ್ಕಡಿಯಲ್ಲೇ ತೂಗಿ ನೋಡಿದ್ದೇನೆ, 13 ಕೆಜಿ. ಬಲಗೈಯಲ್ಲಿ ಕೋಲು, ಎಡಗೈ ಬರಿಗೈ. ಹಗ್ಗ ಬಿಗಿಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ನಾನು ಮೊಣಕಾಲೂರಿ ಒಂದೊಂದೇ ಎಳೆ ಜಗ್ಗುತ್ತಾ ಹೋಗುತ್ತೇನೆ. ಜಗ್ಗಿದ್ದು ಜಾರದ ಹಾಗೆ ಮಗಳು ಹಿಡಿದಿರಬೇಕು. ಒಂದು ಸುತ್ತು ಮುಗಿಸಿ ಮೊದಲಿನ ಎಳೆಗೆ ವಾಪಸ್ ಬಂದರೆ ಅದು ಸಡಿಲ ಆಗಿರುತ್ತದೆ. ಮತ್ತೆ ಇನ್ನೊಂದು ಸುತ್ತು. ಮೂರನೇ ಸುತ್ತಿಗೆ ಅಂಗೈ ಉರಿಯಲು ಶುರು. ಆಮೇಲೆ ಬೆರಳಿನಿಂದ ತಟ್ಟಿ ನೋಡುವುದು. ಬೊದ್ ಅಂದರೆ ಇನ್ನೂ ಬಿಗಿಯಬೇಕು. ಧಿಂ ಅಂದರೆ ಸಾಕು. ಪಕ್ಕದ ಮನೆ ನಾಯಿ ಊಳಿಟ್ಟರೆ ಶ್ರುತಿ ಸೇರಿದೆ ಅಂತ ನನ್ನ ಮಗಳ ಲೆಕ್ಕ.

ಶನಿವಾರ ರಜೆ ಹಾಕಿದ್ದೆ. ಬೆಳಿಗ್ಗೆ ಒಂದು ಊರಿನಲ್ಲಿ ಸಾಹಿತ್ಯ ಸಮ್ಮೇಳನದ ಮೆರವಣಿಗೆ. ಅಧ್ಯಕ್ಷರು ಅಲಂಕಾರ ಮಾಡಿದ ಗಾಡಿಯಲ್ಲಿ, ಹಿಂದೆ ಪೂರ್ಣಕುಂಭದ ಹೆಣ್ಣುಮಕ್ಕಳು, ಮುಂದೆ ನಾವು. ಎಂಟೂವರೆಗೆ ಹೊರಡಬೇಕಿತ್ತು, ಹೊರಟಿದ್ದು ಹತ್ತೂಕಾಲಿಗೆ. ದೂರ ಎರಡು ಕಿಲೋಮೀಟರ್ ಕೂಡ ಇರಲಿಲ್ಲ. ಆದರೆ ಮೆರವಣಿಗೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬಾರದು. ಪ್ರತಿ ಸರ್ಕಲ್‌ನಲ್ಲೂ ಹಾರ, ಪ್ರತಿ ಅಂಗಡಿ ಮುಂದೆ ಫೋಟೋ. ಫೋಟೋ ತೆಗೆಯುವ ಪ್ರತಿಯೊಬ್ಬರಿಗೂ ನಾವು ಕುಣಿಯುತ್ತಿರಬೇಕು. ಒಮ್ಮೆ ಮೈಸೂರು ದಸರಾದ ಜಂಬೂಸವಾರಿಗೂ ಹೋಗಿದ್ದೆವು. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್. ಅಲ್ಲೂ ಇಷ್ಟು ಸುಸ್ತಾಗಿರಲಿಲ್ಲ. ಆನೆ ನಿಲ್ಲದೆ ನಡೆಯುತ್ತದೆ, ಫೋಟೋಗೆ ಅಂತ ಕಾಯುವುದಿಲ್ಲ, ಅಲ್ವಾ?

ಹನ್ನೊಂದು ಗಂಟೆಯ ಬಿಸಿಲಿಗೆ ಚರ್ಮ ಕಾಯುತ್ತಾ ಹೋಯಿತು. ತೇವಕ್ಕೆ ಸಡಿಲ ಆಗುವ ಚರ್ಮ ಬಿಸಿಲಿಗೆ ಬಿಗಿಯುತ್ತದೆ. ಧಿಂ ಅಂತಿದ್ದದ್ದು ಟಣ್ ಅನ್ನಲು ಶುರುವಾಯಿತು. ಜಾಸ್ತಿ ಬಿಗಿದರೆ ಹರಿದೇ ಹೋದೀತು. ಒದ್ದೆ ಟವೆಲ್ಲಿನಿಂದ ಆಗಾಗ ಒರೆಸಿಕೊಳ್ಳುತ್ತಾ ನಡೆದೆವು. ಕೆಳಗೆ ಕಾದ ಟಾರು, ಮೇಲೆ ಹೆಗಲಿಗೆ ಕಪ್ಪು ಕಂಬಳಿ. ಆ ಕಂಬಳಿ ನಮ್ಮ ವೇಷದ ಗೌರವ, ಆದರೆ ಬೇಸಿಗೆಯಲ್ಲಿ ಅದು ಬೇಡಪ್ಪಾ ಬೇಡ. ಜೊತೆಗೆ ಒಂದು ಅಡ್ಡರಸ್ತೆಯಿಂದ ಮದುವೆ ಮನೆಯ ಡೀಜೆ ಗಾಡಿ ಬಂದು ಪಕ್ಕದಲ್ಲೇ ನಿಂತಿತು. ಐದು ನಿಮಿಷ ನಮಗೂ ಅದಕ್ಕೂ ಜಿದ್ದಾಜಿದ್ದಿ. ಗೆದ್ದವರು ಯಾರು ಅಂತ ನಾನು ಹೇಳಲಾರೆ. ಮದುವೆ ಕಡೆಯ ಹುಡುಗರು ಡೀಜೆ ಬಿಟ್ಟು ನಮ್ಮ ಮುಂದೆ ಬಂದು ಕುಣಿದದ್ದು ಮಾತ್ರ ನಿಜ.

ಊಟಕ್ಕೆ ಕೂತಾಗ ಪಾಯಸ ಖಾಲಿಯಾಗಿತ್ತು. ಮೆರವಣಿಗೆಯವರಿಗೆ ಯಾವಾಗಲೂ ಕೊನೆ ಪಂಕ್ತಿ.

ಸಂಜೆ ಇನ್ನೊಂದು ತಾಲ್ಲೂಕಿನಲ್ಲಿ ಉತ್ಸವದ ವೇದಿಕೆ. ಬಣ್ಣದ ಲೈಟು, ದೊಡ್ಡ ಪರದೆ, ನಮಗೆ 10 ನಿಮಿಷ. ಆರೂವರೆಗೆ ನಮ್ಮ ಸರದಿ ಅಂತ ಪಟ್ಟಿಯಲ್ಲಿತ್ತು. ಅತಿಥಿಗಳ ಭಾಷಣ ಮುಗಿಯುವಾಗ ಎಂಟೂ ನಲವತ್ತು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು, ಇನ್ನೂ ಆರು ತಂಡ ಕಾದಿತ್ತು. ಮೆಟ್ಟಿಲ ಹತ್ತಿರ ಒಬ್ಬರು ಬಂದು, ‘ಸಾರ್, ಏಳು ನಿಮಿಷಕ್ಕೆ ಮುಗಿಸಿ. ಪಿರಮಿಡ್ ಮಾತ್ರ ಬಿಡಬೇಡಿ’ ಅಂದರು.

ಪಿರಮಿಡ್ ಅಂದರೆ ಒಬ್ಬರ ಮೇಲೊಬ್ಬರು ನಿಂತು ಬಾರಿಸುವುದು. ಜನರಿಗೆ ಅದು ಬೇಕು. ಏಳು ನಿಮಿಷದಲ್ಲಿ ಪಿರಮಿಡ್ ಕಟ್ಟಿ ಇಳಿಸಲು ಎರಡೂವರೆ ನಿಮಿಷ ಹೋಯಿತು. ಉಳಿದದ್ದರಲ್ಲಿ ದೇವರ ಪದ ಬಿಟ್ಟೆವು, ನಿಧಾನದ ಹೆಜ್ಜೆ ಬಿಟ್ಟೆವು. ಶುರುವಿನಿಂದಲೇ ಜೋರು. ಶಿಳ್ಳೆ, ಚಪ್ಪಾಳೆ ಎಲ್ಲ ಸಿಕ್ಕಿತು. ಇಳಿದು ಬಂದಾಗ ಒಂದು ಶಾಲು, ಒಂದು ನೆನಪಿನ ಕಾಣಿಕೆ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಕೊಡಿ ಅನ್ನುವ ಮಾತು. ಆ ದುಡ್ಡು ಬಂದದ್ದು ಮಳೆಗಾಲದಲ್ಲಿ. ಇರಲಿ.

ವೇದಿಕೆಯನ್ನು ಬೈಯುವುದು ಸುಲಭ. ನಾನೂ ಗಾಡಿಯಲ್ಲಿ ಕೂತು ಬೈದಿದ್ದೇನೆ. ಆದರೆ ನಾನು ಡೊಳ್ಳು ಕಲಿತದ್ದೇ ವೇದಿಕೆಯಿಂದ. ಇದು ಹಾಲುಮತದವರ, ಅಂದರೆ ಕುರುಬರ ವಾದ್ಯ, ಅವರ ದೇವರಾದ ಬೀರದೇವರ ಸೇವೆಯದು. ನಮ್ಮ ಮನೆತನದಲ್ಲಿ ಯಾರೂ ಮುಟ್ಟಿದವರಿಲ್ಲ. ಕಾಲೇಜಿನ ಯುವಜನೋತ್ಸವಕ್ಕೆ ಒಬ್ಬ ಹುಡುಗ ಕಡಿಮೆ ಬಿದ್ದ ಅಂತ ನನ್ನನ್ನು ಎಳೆದುಕೊಂಡರು. ಆಗ ನನಗೆ 19. ಇವತ್ತು ಮಲೆನಾಡಿನಲ್ಲಿ ಹೆಣ್ಣುಮಕ್ಕಳೇ ಇರುವ ಡೊಳ್ಳಿನ ತಂಡಗಳಿವೆ. ವೇದಿಕೆ ಇಲ್ಲದಿದ್ದರೆ ಅವು ಇಷ್ಟು ಬೇಗ ಹುಟ್ಟುತ್ತಿರಲಿಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದಲ್ಲಿ ಕಟ್ಟಿದ ಜಾನಪದ ಲೋಕಕ್ಕೆ ಒಮ್ಮೆ ಹೋಗಿದ್ದಾಗ ಕಂಸಾಳೆಯವರು ಬೀಸುವುದನ್ನು ಎರಡು ಮಾರು ದೂರದಿಂದ ನೋಡಿದೆ. ಆ ಹಿತ್ತಾಳೆಯ ಬಟ್ಟಲು ತಲೆಯ ಮೇಲೆ ತಿರುಗಿ ಬಂದು ಸರಿಯಾಗಿ ತಾಳಕ್ಕೆ ಬೀಳುವುದಿದೆಯಲ್ಲ, ಸಾಗರದಲ್ಲಿ ಕೂತವನಿಗೆ ಅದೆಲ್ಲಿ ಸಿಗಬೇಕು?

ರಾತ್ರಿ ಮನೆ ಸೇರಿದ್ದು ಒಂದು ಗಂಟೆಗೆ. ಎಡಗೈಯ ಉಂಗುರಬೆರಳು ಒಡೆದಿತ್ತು. ಹೆಂಡತಿ ಅರಿಶಿನ, ಕೊಬ್ಬರಿಎಣ್ಣೆ ಹಚ್ಚಿ ಬಟ್ಟೆ ಕಟ್ಟಿದಳು. ‘ನಾಳೆ ಬೇರೆ ಹೋಗ್ಬೇಕಾ?’ ಅಂತ ಕೇಳಲಿಲ್ಲ. ಕೇಳದೇ ಇರುವುದರಲ್ಲೇ ಎಲ್ಲ ಇತ್ತು.

ಭಾನುವಾರ ಹೋಗಿದ್ದು ಶಿಕಾರಿಪುರದ ಕಡೆಯ ಒಂದು ಹಳ್ಳಿಗೆ, ಬೀರದೇವರ ಗುಡಿಗೆ. ಅಲ್ಲಿ ವೇದಿಕೆ ಇಲ್ಲ, ನಿರೂಪಕರಿಲ್ಲ. ಗುಡಿ ಮುಂದಿನ ಅಂಗಳ, ಒಂದು ಟ್ಯೂಬ್‌ಲೈಟು, ಸುತ್ತ ಚಾಪೆ, ಗೋಣಿಚೀಲ ಹಾಸಿಕೊಂಡು ಕೂತ ಜನ. ನಮ್ಮ ಜೊತೆ ಅಜ್ಜ ಬಂದಿದ್ದರು. ನಮ್ಮ ತಂಡಕ್ಕೆ ಹೆಜ್ಜೆ ಕಲಿಸಿದವರು ಅವರೇ. ವಯಸ್ಸು ಕೇಳಿದರೆ ‘ಗಾಜನೂರು ಡ್ಯಾಮ್ ಕಟ್ಟುವಾಗ ಕುರಿ ಕಾಯ್ತಿದ್ದೆ’ ಅನ್ನುತ್ತಾರೆ. ಉತ್ಸವಗಳಿಗೆ ಅವರು ಬರುವುದಿಲ್ಲ. ಗುಡಿ ಅಂದರೆ ಮಾತ್ರ ಎರಡು ದಿನ ಮೊದಲೇ ಕಂಬಳಿ ಒಗೆದು ಒಣಗಿಸಿ ಇಟ್ಟಿರುತ್ತಾರೆ.

ಪೂಜಾರಪ್ಪ ಒಂದೊಂದು ಡೊಳ್ಳಿಗೂ ಭಂಡಾರ, ಅಂದರೆ ದೇವರ ಅರಿಶಿನದ ಪುಡಿ ಹಚ್ಚಿ ಕೈಮುಗಿದ. ಅಜ್ಜ ಪದ ಎತ್ತಿದರು. ಡೊಳ್ಳು ಹುಟ್ಟಿದ ಕಥೆ ಅದು. ಡೊಳ್ಳಾಸುರ ಅನ್ನುವ ರಾಕ್ಷಸ ತಪಸ್ಸು ಮಾಡಿ ಶಿವನನ್ನೇ ನುಂಗಿದ. ಶಿವ ಒಳಗಿಂದ ಬೆಳೆದು ಹೊಟ್ಟೆ ಸೀಳಿ ಹೊರಬಂದ. ಆ ರಾಕ್ಷಸನ ಚರ್ಮದಿಂದ ಡೊಳ್ಳು ಆಯಿತು. ಹೀಗೆ ಮೂರು ವಾಕ್ಯದಲ್ಲಿ ನಾನು ಹೇಳಿ ಮುಗಿಸಿದೆ. ಅಜ್ಜನ ಪದದಲ್ಲಿ ಶಿವ ಹೊಟ್ಟೆಯಿಂದ ಹೊರಬರಲು ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತೂ ಡೊಳ್ಳು ಹಿಂದೆ ಹಿಂದೆ ನಡೆಯಬೇಕು, ಎತ್ತಿನ ಗಾಡಿ ಹಿಂದೆ ನಾಯಿ ನಡೆದ ಹಾಗೆ, ಮುಂದೆ ಓಡುವ ಹಾಗಿಲ್ಲ.

ನಾನು ಓಡಿದೆ. ಹಿಂದಿನ ರಾತ್ರಿಯ ಏಳು ನಿಮಿಷ ಇನ್ನೂ ಕೈಯಲ್ಲೇ ಕೂತಿತ್ತು. ಮೂರನೇ ನುಡಿಗೆ ಬರುವಾಗ ನನ್ನ ಕೋಲು ಒಂದು ಪೆಟ್ಟು ಮುಂದೆ. ನನ್ನನ್ನು ನೋಡಿ ಪಕ್ಕದ ಹುಡುಗರೂ ಓಡಿದರು. ತಾಳದವನು ಗಲಿಬಿಲಿಯಾದ. ಅಜ್ಜ ಪದ ನಿಲ್ಲಿಸಲಿಲ್ಲ. ಹಾಡುತ್ತಲೇ ನನ್ನ ಹತ್ತಿರ ಬಂದರು, ನುಡಿ ಮುಗಿದ ಸಂದಿನಲ್ಲಿ ಕಿವಿಯ ಹತ್ತಿರ ಬಾಗಿ ಕೇಳಿದರು, ‘ಯಾಕ್ ತಮ್ಮಾ, ಕೊನೇ ಬಸ್ ಹಿಡೀಬೇಕಾ?’

ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರಿಗೂ ತಾಳ ತಪ್ಪಿದ್ದು ಗೊತ್ತಾಗಿತ್ತು. ಹಿಂದಿನ ದಿನ ವೇದಿಕೆಯಲ್ಲಿ ಎರಡು ಸಾರಿ ತಪ್ಪಿದ್ದೆ. ಶಿಳ್ಳೆಯ ಗದ್ದಲದಲ್ಲಿ ಒಬ್ಬರೂ ನಗಲಿಲ್ಲ.

ಆಮೇಲೆ ನಾನು ಅಜ್ಜನ ಕಾಲು ನೋಡಿಕೊಂಡು ಬಾರಿಸಿದೆ. ಅವರ ಬಲಗಾಲಿನ ಹೆಬ್ಬೆರಳು ನೆಲ ಮುಟ್ಟಿದಾಗ ನನ್ನ ಪೆಟ್ಟು. ಹೆಬ್ಬೆರಳು ಎದ್ದರೆ ಎಡಗೈ. ಇಷ್ಟೇ. ಹತ್ತು ನಿಮಿಷ ಕಷ್ಟ ಆಯಿತು. ಅರ್ಧ ಗಂಟೆ ಆದ ಮೇಲೆ ಒಡೆದ ಬೆರಳು ಮರೆತೇ ಹೋಯಿತು. ಸೊಂಟ ನೋಯುವುದು ನಿಂತಿತೋ, ನೋವು ಗೊತ್ತಾಗುವುದು ನಿಂತಿತೋ ತಿಳಿಯದು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಬಾರಿಸಿದವನು ನಾನು. ನಿಧಾನವಾಗಿ ಬಾರಿಸಲು ಇಷ್ಟು ಶಕ್ತಿ ಬೇಕು ಅಂತ ಅವತ್ತು ಗೊತ್ತಾಯಿತು. ಜೋರು ಬಾರಿಸುವಾಗ ಪೆಟ್ಟಿಗೆ ಪೆಟ್ಟು ಆಸರೆ. ನಿಧಾನದಲ್ಲಿ ಎರಡು ಪೆಟ್ಟಿನ ನಡುವಿನ ಜಾಗವನ್ನು ನಾವೇ ಹೊತ್ತುಕೊಂಡು ನಿಲ್ಲಬೇಕು.

ರಾತ್ರಿ ಒಂದೂವರೆಗೆ ಇಬ್ಬನಿ ಬಿದ್ದು ಡೊಳ್ಳುಗಳೆಲ್ಲ ಬೊದ್ ಬೊದ್ ಅನ್ನತೊಡಗಿದವು. ಊರಿನವರು ಒಣಹುಲ್ಲು ತಂದು ಬೆಂಕಿ ಹಾಕಿದರು. 14 ಜನ ಸುತ್ತ ನಿಂತು ಡೊಳ್ಳಿನ ಬಾಯನ್ನು ಬೆಂಕಿಗೆ ಹಿಡಿದೆವು, ತೀರಾ ಹತ್ತಿರ ಅಲ್ಲ, ದೂರವೂ ಅಲ್ಲ. ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಬಂದು ಅದರ ಕೈಯಿಂದ ನನ್ನ ಡೊಳ್ಳಿಗೆ ಒಂದು ಪೆಟ್ಟು ಹಾಕಿಸಿದಳು. ಮಗು ಬೆಚ್ಚಿ ಅಳಲಿಲ್ಲ, ಇನ್ನೊಂದು ಹಾಕಿತು. ಚಹಾ ಬಂತು, ಮಂಡಕ್ಕಿ ಬಂತು. ಬೆಚ್ಚಗಾದ ಚರ್ಮ ಧಿಂ ಅಂದ ಕೂಡಲೇ ಅಜ್ಜ ಬೀಡಿ ಎಸೆದು ಎದ್ದರು.

ಸಂಭಾವನೆ ಅಂತ ಎಲೆ, ಅಡಿಕೆ, ತೆಂಗಿನಕಾಯಿ ಜೊತೆ ಒಂದಷ್ಟು ದುಡ್ಡು ಕೊಟ್ಟರು. ಡೀಸೆಲ್ಲಿಗೆ ಸರಿಹೋಯಿತು.

ಸೋಮವಾರ ಹತ್ತಕ್ಕೆ ಕೌಂಟರಿನಲ್ಲಿ ಕೂತಿದ್ದೆ. ಕಿವಿಯೊಳಗೆ ಇನ್ನೂ ಗುಂಯ್ ಅನ್ನುತ್ತಿತ್ತು. ಉಗುರಿನ ಸಂದಿನ ಭಂಡಾರ ಎರಡು ಸಲ ಸೋಪು ಹಾಕಿದರೂ ಹೋಗಿರಲಿಲ್ಲ. ಅಡಿಕೆ ತಂದಿದ್ದ ಒಬ್ಬ ರೈತರು ರಸೀದಿ ತೆಗೆದುಕೊಂಡು ತಿರುಗಿಸಿ ನೋಡಿದರು. ಅದರ ಮೂಲೆಯಲ್ಲಿ ನನ್ನ ಹಳದಿ ಹೆಬ್ಬೆಟ್ಟು ಮೂಡಿತ್ತು.

‘ಎಲ್ಲಿತ್ತು ನಿನ್ನೆ?’ ಅಂದರು.

ಹೇಳಿದೆ.

‘ನಮ್ಮೂರಲ್ಲಿ ಮುಂದಿನ ಹುಣ್ಣಿಮೆಗೆ ದೇವರ ಪಲ್ಲಕ್ಕಿ ಇದೆ. ಬರ್ತೀರಾ?’

ಡೈರಿ ತೆಗೆದೆ. ಆ ದಿನ ಖಾಲಿ ಇತ್ತು. ಬರೆದುಕೊಳ್ಳುತ್ತಾ ಅಭ್ಯಾಸಬಲದಿಂದ ಕೇಳಿಬಿಟ್ಟೆ, ‘ಎಷ್ಟು ಹೊತ್ತು ಬಾರಿಸಬೇಕು?’

ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ರಸೀದಿ ಮಡಚಿ ಜೇಬಿಗಿಟ್ಟುಕೊಂಡು, ‘ದೇವರು ಗುಡಿ ಒಳಗೆ ಹೋಗೋ ತನಕ’ ಅಂದರು.

ನಮಸ್ಕಾರ.