ಆಗುಂಬೆ ಘಾಟಿಯಲ್ಲಿ ಪೆಡಲ್ ಮೆತ್ತಗಾದಾಗ: ಪೋಲೋ ಜಿಟಿ ಮತ್ತು ಬ್ರೇಕ್ ಆಯಿಲ್

[ದೃಶ್ಯ: ಬೆಳಗಿನ ಮಂಜು. ಆಗುಂಬೆ ಘಾಟಿಯ ತಿರುವಿನಲ್ಲಿ ಕೆಂಪು ಪೋಲೋ ನಿಧಾನಕ್ಕೆ ಇಳಿಯುತ್ತಿದೆ]

ನಮಸ್ಕಾರ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯೋ ದಾರಿಯಲ್ಲಿ 14 ಹೇರ್‌ಪಿನ್ ತಿರುವು. ಎರಡು ವರ್ಷದ ಹಿಂದೆ, ಡಿಸೆಂಬರ್‌ನಲ್ಲಿ, ಉಡುಪಿಗೆ ಮದುವೆಗೆ ಅಂತ ಇದೇ ಕಾರಲ್ಲಿ ಹೊರಟಿದ್ವಿ. ಅಪ್ಪ, ಅಮ್ಮ, ನನ್ನ ಹೆಂಡತಿ, ನಾನು. ಡಿಕ್ಕಿ ತುಂಬ ಲಗೇಜು. ಅರ್ಧಕ್ಕಿಂತ ಜಾಸ್ತಿ ತಿರುವು ಇಳಿದಾಗಿತ್ತು. ಹಿಂದಿನ ಸೀಟಿಂದ ಅಮ್ಮ, "ಏನೋ ಸುಟ್ಟ ವಾಸನೆ ಬರ್ತಿದೆ ಕಣೋ" ಅಂದ್ರು. ಮುಂದಿನ ತಿರುವಿಗೆ ಬ್ರೇಕ್ ಒತ್ತಿದೆ. ಪೆಡಲ್ ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ ಒಳಕ್ಕೆ ಹೋಯ್ತು. ಕಾರು ನಿಧಾನ ಆಗ್ಲಿಲ್ಲ.

ಮತ್ತೆ ಮತ್ತೆ ಪಂಪ್ ಮಾಡಿದೆ, ಮೂರನೇ ಸಲಕ್ಕೆ ಸ್ವಲ್ಪ ಹಿಡೀತು. ಗೇರನ್ನ ಎರಡಕ್ಕೆ ಎಳೆದೆ, ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎತ್ತಿದೆ, ರಸ್ತೆ ಅಗಲ ಇದ್ದ ಕಡೆ ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದೆ. ಅಪ್ಪ ಏನೂ ಮಾತಾಡ್ಲಿಲ್ಲ. ಇಳಿದು, ಹಿಂದಿನ ಚಕ್ರಕ್ಕೆ ಒಂದು ಕಲ್ಲು ತಂದು ಕೊಟ್ರು.

ಅವತ್ತು ಬ್ರೇಕ್ ಪೈಪಿನೊಳಗೆ ಏನಾಯ್ತು, ಅದಾಗದೇ ಇರೋ ಹಾಗೆ ಮನೆ ಅಂಗಳದಲ್ಲೇ ಏನು ಮಾಡಬಹುದು ಅನ್ನೋದನ್ನ ಈ ವಿಡಿಯೋದಲ್ಲಿ ತೋರಿಸ್ತೀನಿ.

[ದೃಶ್ಯ: ಕಾರಿನ ಸುತ್ತ ಕ್ಯಾಮೆರಾ. ಹಿಂಭಾಗದ ಜಿಟಿ ಟಿಎಸ್‌ಐ ಬ್ಯಾಡ್ಜ್ ಹತ್ತಿರದಿಂದ]

ಮೊದಲು ಕಾರಿನ ಬಗ್ಗೆ. ಇದು 2015ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, ನಾನು ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು. 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಪವರ್, 175 ಎನ್‌ಎಂ ಟಾರ್ಕ್ (ಅಂದ್ರೆ ತಿರುಗಿಸೋ ಬಲ), ತಾನೇ ಗೇರ್ ಬದಲಾಯಿಸೋ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್. 2013ರಲ್ಲಿ ಬಂದಾಗ ಈ ಬೆಲೆಗೆ ಇಂಥ ಗಾಡಿ ಇನ್ನೊಂದಿರಲಿಲ್ಲ ಅಂತಲೇ ನನ್ನ ಅಭಿಪ್ರಾಯ. 1500 ಆರ್‌ಪಿಎಂಗೇ ಪೂರ್ತಿ ಟಾರ್ಕ್ ಸಿಗತ್ತೆ. ಘಾಟಿ ಹತ್ತುವಾಗ ಬೆನ್ನು ಹಿಡಿದು ತಳ್ಳಿದ ಹಾಗೆ ಹೋಗತ್ತೆ. 2022ರಲ್ಲಿ ನಮ್ಮ ದೇಶದಲ್ಲಿ ಪೋಲೋ ನಿಂತೇ ಹೋಯ್ತು, ಹಾಗಾಗಿ ಈಗ ಸಿಗೋದೆಲ್ಲ ಹಳೇ ಗಾಡಿಗಳೇ. ಸ್ವಲ್ಪ ಓಡಿ, ಸ್ವಲ್ಪ ನಿಂತು, ಎರಡು ಮೂರು ಕೈ ದಾಟಿದವು. ಇಂಥ ಕಾರು ತಗೊಂಡ ತಕ್ಷಣ ಎಲ್ಲರ ಮನಸ್ಸೂ ಎಲ್ಲಿಗೆ ಹೋಗತ್ತೆ ನನಗೆ ಗೊತ್ತು. ರೀಮ್ಯಾಪ್ (ಎಂಜಿನ್ ಕಂಪ್ಯೂಟರ್ ತಿದ್ದಿ ಪವರ್ ಹೆಚ್ಚಿಸೋದು), ಎಕ್ಸಾಸ್ಟ್, ದೊಡ್ಡ ಅಲಾಯ್ ಚಕ್ರ. ನನ್ನದೂ ಅಲ್ಲಿಗೇ ಹೋಗಿತ್ತು. ಪೆಡಲ್ ಒತ್ತಿದ ಬಲವನ್ನ ಚಕ್ರಕ್ಕೆ ಮುಟ್ಟಿಸೋ ಬ್ರೇಕ್ ಆಯಿಲ್ ಕಡೆಗೆ ಹೋಗಿರಲಿಲ್ಲ.

ಬ್ರೇಕ್ ಮಾಡೋ ಕೆಲಸ ಒಂದೇ: ಓಡ್ತಾ ಇರೋ ಗಾಡಿಯ ಶಕ್ತಿಯನ್ನ ಶಾಖ ಮಾಡೋದು. ಎಷ್ಟು ಶಾಖ? ನಾಲ್ಕು ಜನ, ಲಗೇಜು ಸೇರಿ ಗಾಡಿ 1400 ಕೆಜಿ ಅಂತ ಇಟ್ಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಿಂದ ಒಂದು ಸಲ ಪೂರ್ತಿ ನಿಲ್ಲಿಸಿದ್ರೆ, ಒಂದು ಲೀಟರ್ ತಣ್ಣೀರು ಕುದಿ ಬರೋಷ್ಟು ಶಾಖ. 40ರಿಂದ ನಿಲ್ಲಿಸಿದ್ರೆ ಅದರ ಕಾಲು ಭಾಗ ಮಾತ್ರ. ವೇಗ ಎರಡು ಪಟ್ಟಾದ್ರೆ ಶಾಖ ನಾಲ್ಕು ಪಟ್ಟು.

ಇನ್ನು ಘಾಟಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಸುಮಾರು 500 ಮೀಟರ್ ಕೆಳಗಿಳೀತೀವಿ ಅಂತ ಲೆಕ್ಕ ಹಾಕಿ. ಅದೇ 1400 ಕೆಜಿ ಗಾಡಿಯನ್ನ ಬರೀ ಬ್ರೇಕಲ್ಲೇ ಹಿಡಿದು ಇಳಿಸಿದ್ರೆ ಬರೋ ಶಾಖ, 20 ಲೀಟರ್‌ಗೂ ಮೀರಿ ನೀರು ಕುದಿಸೋಷ್ಟು. ಒಂದು ಹಂಡೆ ಸ್ನಾನದ ನೀರು! ಸೌದೆ ಒಲೆ ಮೇಲೆ ಅಷ್ಟು ನೀರು ಕಾಯೋಕೆ ಎಷ್ಟು ಹೊತ್ತು ಬೇಕು ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಗಾಳಿಯ ತಡೆ, ಟೈರಿನ ಘರ್ಷಣೆ ಒಂದಿಷ್ಟು ನುಂಗತ್ತೆ ನಿಜ. ಉಳಿದಿದ್ದೆಲ್ಲ ಚಕ್ರದ ಜೊತೆ ತಿರುಗೋ ಬ್ರೇಕ್ ಭಾಗಗಳಿಗೇ, ಅಂದ್ರೆ ಮುಂದಿನ ಎರಡು ಡಿಸ್ಕ್, ಹಿಂದಿನ ಎರಡು ಡ್ರಮ್‌ಗೇ. ಅದರಲ್ಲೂ ಇಳಿಜಾರಲ್ಲಿ ಭಾರ ಮುಂದಕ್ಕೆ ವಾಲೋದ್ರಿಂದ ಹೆಚ್ಚಿನ ಪಾಲು ಡಿಸ್ಕ್‌ಗಳದ್ದೇ.

[ದೃಶ್ಯ: ಎರಡು ಗಾಜಿನ ಲೋಟ. ಒಂದರಲ್ಲಿ ತಿಳಿ ಹಳದಿ ದ್ರವ, ಇನ್ನೊಂದರಲ್ಲಿ ಕಪ್ಪಗಿನ ದ್ರವ]

ಈಗ ಈ ಎರಡು ಲೋಟ ನೋಡಿ. ಎಡಗಡೆಯದು ಹೊಸ ಬ್ರೇಕ್ ಆಯಿಲ್, ತಿಳಿ ಜೇನಿನ ಬಣ್ಣ. ಬಲಗಡೆಯದು ಅವತ್ತು ನನ್ನ ಕಾರಿಂದ ತೆಗೆದಿದ್ದು. ಕಾಫಿ ಡಿಕಾಕ್ಷನ್ ಹಾಗಿದೆ, ಅಲ್ವಾ?

ನಾವೆಲ್ಲ ಬ್ರೇಕ್ ಆಯಿಲ್ ಅಂತೀವಿ, ಆದ್ರೆ ಇದು ಎಣ್ಣೆ ಅಲ್ಲ. ನಮ್ಮ ಕಾರುಗಳಲ್ಲಿ ಇರೋದು ಗ್ಲೈಕಾಲ್ ಜಾತಿಯ ದ್ರವ, ನೀರಲ್ಲಿ ಪೂರ್ತಿ ಬೆರೆಯತ್ತೆ. ಅಪ್ಪಿತಪ್ಪಿ ಎಂಜಿನ್ ಆಯಿಲ್ ಹಾಕಿಬಿಟ್ರೆ ಒಳಗಿನ ರಬ್ಬರ್ ಸೀಲ್‌ಗಳೆಲ್ಲ ಉಬ್ಬಿ ಹಾಳಾಗ್ತವೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಮುಚ್ಚಳ ತೆಗೆದಿಟ್ರೆ ಏನಾಗತ್ತೆ? ಗಾಳಿಯ ತೇವ ಎಳೆದು ಉಪ್ಪು ನೀರೊಡೆಯತ್ತೆ. ಬ್ರೇಕ್ ಆಯಿಲ್ ಸ್ವಭಾವವೂ ಅದೇ. ರಬ್ಬರ್ ಹೋಸ್ ಮೂಲಕ, ಮುಚ್ಚಳದ ಸಂದಿಯಿಂದ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ನೀರು ಹೀರ್ತಾ ಇರತ್ತೆ.

ನೀರು ಸೇರಿದ್ರೆ ಕುದಿಯೋ ಮಟ್ಟ ಬೀಳತ್ತೆ. ಡಾಟ್ ಅನ್ನೋದು ಬ್ರೇಕ್ ಆಯಿಲ್‌ನ ದರ್ಜೆ. ಡಬ್ಬಿ ಮೇಲೆ ಡಾಟ್ 4 ಅಂತ ಇದ್ರೆ, ಹೊಸದಾಗಿದ್ದಾಗ ಅದು ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯತ್ತೆ. ಡಾಟ್ 5.1ರಲ್ಲಿ ಈ ಲೆಕ್ಕ 260 ಮತ್ತು 180. ಡಾಟ್ 5 ಅಂತ ಇನ್ನೊಂದಿದೆ, ಅದು ಸಿಲಿಕಾನ್. ಹೆಸರು ಹತ್ತಿರ, ವಸ್ತುವೇ ಬೇರೆ. ನಮ್ಮ ಕಾರುಗಳಿಗೆ ಅದನ್ನ ಹಾಕಲೇಬಾರದು.

ದ್ರವವನ್ನ ಅಮುಕೋಕೆ ಆಗಲ್ಲ. ಅದಕ್ಕೇ ಪೆಡಲ್ ಒತ್ತಿದ ಬಲ, ಡಿಸ್ಕನ್ನ ಒತ್ತಿ ಹಿಡಿಯೋ ಪ್ಯಾಡ್‌ಗೆ ನೇರ ಮುಟ್ಟೋದು. ಡಿಸ್ಕಿನ ಶಾಖ ತಾಗಿ, ಪ್ಯಾಡ್ ಒತ್ತೋ ಭಾಗವಾದ ಕ್ಯಾಲಿಪರ್ ಒಳಗೆ ಅದು ಕುದಿದ್ರೆ ಆವಿಯ ಗುಳ್ಳೆ ಏಳತ್ತೆ. ಆವಿಯನ್ನ ಎಷ್ಟು ಬೇಕಾದ್ರೂ ಅಮುಕಬಹುದು. ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆ ಕುಗ್ಗಿಸೋದ್ರಲ್ಲೇ ಮುಗಿದುಹೋಗತ್ತೆ. ನನಗೆ ಆಗಿದ್ದು ಇದೇ.

ಇಲ್ಲೊಂದು ವ್ಯತ್ಯಾಸ ಇದೆ, ತುಂಬ ಜನ ಗುರುತಿಸಲ್ಲ. ಪೆಡಲ್ ಗಟ್ಟಿಯಾಗೇ ಇದ್ದು, ಎಷ್ಟು ತುಳಿದ್ರೂ ಗಾಡಿ ನಿಲ್ತಿಲ್ಲ ಅಂದ್ರೆ ಅದು ಪ್ಯಾಡ್ ಕಾದು ಹಿಡಿತ ಕಳ್ಕೊಂಡಿರೋದು. ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗ್ತಿದೆ ಅಂದ್ರೆ ಆಯಿಲ್ ಕುದಿದಿರೋದು, ಇಲ್ಲಾ ಎಲ್ಲೋ ಸೋರ್ತಿರೋದು. ಅಮ್ಮನಿಗೆ ಬಂದ ವಾಸನೆ ಪ್ಯಾಡಿನದು. ನನ್ನ ಕಾಲಿಗೆ ಸಿಕ್ಕಿದ್ದು ಆಯಿಲ್ ಸುದ್ದಿ. ಒಂದೇ ದಿನ ಎರಡೂ.

ನಾನು ಸರ್ವಿಸ್ ಮಾಡಿಸದೇ ಇರೋನಲ್ಲ. ಮನೆಗೆ ಬಂದು ಹಳೇ ಬಿಲ್‌ಗಳನ್ನೆಲ್ಲ ಹರಡಿಕೊಂಡು ಕೂತೆ. ಮೂರು ವರ್ಷವೂ ಒಂದೇ ಸಾಲು: ಬ್ರೇಕ್ ಫ್ಲೂಯಿಡ್, ಚೆಕ್ಡ್. ಗ್ಯಾರೇಜಿನವರನ್ನ ಕೇಳಿದ್ರೆ, "ಲೆವೆಲ್ ಕರೆಕ್ಟ್ ಇತ್ತು ಸಾರ್" ಅಂದ್ರು. ಲೆವೆಲ್ ನೋಡೋದೇ ಬೇರೆ, ಬದಲಾಯಿಸೋದೇ ಬೇರೆ. ಡಬ್ಬಿ ತುಂಬ ಇದ್ದ ಮಾತ್ರಕ್ಕೆ ಅದು ಕುದಿಯಲ್ಲ ಅಂತಲ್ಲ! ನಿಮ್ಮ ಬಿಲ್‌ನಲ್ಲೂ "ರೀಪ್ಲೇಸ್ಡ್" ಅಂತ ಇದೆಯಾ, "ಚೆಕ್ಡ್" ಅಂತ ಇದೆಯಾ, ದಯವಿಟ್ಟು ನೋಡಿ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಕಾರು ಓಡಲಿ, ಓಡದೇ ಇರಲಿ.

[ದೃಶ್ಯ: ಮನೆ ಅಂಗಳ. ಚಕ್ರ ಬಿಚ್ಚಿದ ಕಾರು, ಜ್ಯಾಕ್ ಸ್ಟ್ಯಾಂಡ್ ಮೇಲೆ]

ಈಗ ಕೆಲಸಕ್ಕೆ ಬರೋಣ. ಇಬ್ಬರು ಬೇಕು. ಒಂದು ಲೀಟರ್ ಹೊಸ ಡಾಟ್ 4, ಸೀಲ್ ಒಡೆಯದ ಡಬ್ಬಿ. ಹೋದ ವರ್ಷ ಅರ್ಧ ಉಳಿದಿದ್ದು ಬೇಡ, ಅದಾಗಲೇ ನೀರು ಕುಡಿದಿರತ್ತೆ. ನಿಪ್ಪಲ್‌ಗೆ (ಪ್ರತಿ ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡೋಕೆ ಇರೋ ಚಿಕ್ಕ ಸ್ಕ್ರೂ) ಸರಿಯಾಗಿ ಕೂರೋ ರಿಂಗ್ ಸ್ಪ್ಯಾನರ್, ಪಾರದರ್ಶಕ ಪೈಪು, ಒಂದು ಹಳೇ ಬಾಟಲಿ. ಗಾಡಿ ಜ್ಯಾಕ್ ಸ್ಟ್ಯಾಂಡ್ ಮೇಲೇ ಇರಬೇಕು, ಬರೀ ಜ್ಯಾಕ್ ನಂಬಬೇಡಿ.

ಮೊದಲು ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿ, ಅಂದ್ರೆ ರಿಸರ್ವಾಯರ್‌ನಲ್ಲಿರೋ ಹಳೇದನ್ನ ಸಿರಿಂಜ್‌ನಲ್ಲಿ ಎಳೆದು ಹೊಸದು ತುಂಬಿ. ಯಾವ ಚಕ್ರದಿಂದ ಶುರು ಅನ್ನೋದನ್ನ ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿ ಮಾಡಿ. ಪೈಪಿನ ಒಂದು ತುದಿ ನಿಪ್ಪಲ್‌ಗೆ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯಲ್ಲಿರೋ ಹೊಸ ಆಯಿಲ್‌ನಲ್ಲಿ ಮುಳುಗಿರಲಿ. ಒಬ್ಬರು ಒಳಗೆ ಪೆಡಲ್ ಹತ್ತಿರ, ನಾನು ಚಕ್ರದ ಹತ್ತಿರ. ಆಮೇಲೆ ನಡೆಯೋದು ಬರೀ ಮಾತು.

"ಒತ್ತು."
"ಒತ್ತಿದೀನಿ."
"ಹಾಗೇ ಇರು. ಕಾಲು ಎತ್ತಬೇಡ."

ನಿಪ್ಪಲ್ ಕಾಲು ಸುತ್ತು ಸಡಿಲ ಮಾಡ್ತೀನಿ, ಕಪ್ಪು ಆಯಿಲ್ ಚಿಮ್ಮಿ ಬರತ್ತೆ, ಬಿಗಿ ಮಾಡ್ತೀನಿ.

"ಈಗ ಬಿಡು."

ನಿಪ್ಪಲ್ ಬಿಗಿಯಾದ ಮೇಲೇ ಪೆಡಲ್ ಬಿಡಬೇಕು. ಮೊದಲೇ ಬಿಟ್ರೆ ಗಾಳಿ ಒಳಗೆ ಎಳೆಯತ್ತೆ. ಪೈಪಿನಲ್ಲಿ ಬಣ್ಣ ತಿಳಿಯಾಗೋವರೆಗೆ ಮಾಡ್ತಾ ಹೋಗಿ, ಪ್ರತಿ ಐದಾರು ಸಲಕ್ಕೆ ರಿಸರ್ವಾಯರ್ ನೋಡಿ. ಅದು ಖಾಲಿಯಾಗಿ ಗಾಳಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡೋ ವ್ಯವಸ್ಥೆ) ಯೂನಿಟ್ ಒಳಗೆ ಹೋದ್ರೆ ಗ್ಯಾರೇಜಿನ ಸ್ಕ್ಯಾನರ್ ಇಲ್ಲದೆ ತೆಗೆಯೋದು ಕಷ್ಟ. ಇನ್ನೊಂದು, ಹಳೇ ಕಾರಲ್ಲಿ ಪೆಡಲನ್ನ ನೆಲ ಮುಟ್ಟೋ ತನಕ ತುಳಿಯಬೇಡಿ. ಪೆಡಲ್ ಬಲವನ್ನ ಆಯಿಲ್‌ಗೆ ದಾಟಿಸೋ ಮಾಸ್ಟರ್ ಸಿಲಿಂಡರ್ ಒಳಗೆ ಸೀಲ್ ಎಂದೂ ಹೋಗದ ಜಾಗದಲ್ಲಿ ತುಕ್ಕು, ಕೊಳೆ ಇರತ್ತೆ, ಅಲ್ಲಿ ಉಜ್ಜಿದ್ರೆ ಸೀಲ್ ಹರಿಯತ್ತೆ. ನಾನು ಪೆಡಲ್ ಕೆಳಗೆ ಒಂದು ಮರದ ತುಂಡು ಇಡ್ತೀನಿ. ಪೇಂಟ್ ಮೇಲೆ ಒಂದು ಹನಿ ಬಿದ್ರೂ ತಕ್ಷಣ ನೀರು ಹಾಕಿ ತೊಳೀರಿ, ಇಲ್ಲಾಂದ್ರೆ ಬಣ್ಣ ಎದ್ದು ಬರತ್ತೆ. ಇಷ್ಟೆಲ್ಲ ಕೇಳಿ ಧೈರ್ಯ ಬರ್ಲಿಲ್ಲ ಅಂದ್ರೆ ಗ್ಯಾರೇಜಿಗೆ ಹೋಗಿ, ಆದ್ರೆ ಪಕ್ಕದಲ್ಲಿ ನಿಂತು ಮಾಡಿಸಿ.

[ದೃಶ್ಯ: ಡಿಎಸ್‌ಜಿ ಗೇರ್ ಲಿವರ್ ಹತ್ತಿರದಿಂದ]

ಆಯಿಲ್ ಹೊಸದಾದ್ರೂ ಓಡಿಸೋ ರೀತಿ ಬದಲಾಗದಿದ್ರೆ ಉಪಯೋಗ ಇಲ್ಲ. ಅವತ್ತು ನಾನು ಲಿವರ್ ಡಿ ಯಲ್ಲೇ, ಅಂದ್ರೆ ಗಾಡಿ ತಾನೇ ಗೇರ್ ಆರಿಸೋ ಜಾಗದಲ್ಲೇ, ಬಿಟ್ಟಿದ್ದೆ. ಡಿ ಯಲ್ಲಿ ಡಿಎಸ್‌ಜಿ ಪೆಟ್ರೋಲ್ ಉಳಿಸೋಕೆ ಅಂತ ಮೇಲಿನ ಗೇರನ್ನೇ ಹುಡುಕತ್ತೆ. ಇಳಿಜಾರಲ್ಲಿ ಅದು ಬೇಡ. ಲಿವರನ್ನ ಮ್ಯಾನ್ಯುಯಲ್ ಕಡೆ ತಳ್ಳಿ, ಹೇರ್‌ಪಿನ್ ದಾರಿಗೆ ಎರಡನೇ ಗೇರಲ್ಲಿಡಿ. ಆಗ ಎಂಜಿನ್ನೇ ಗಾಡಿಯನ್ನ ಹಿಡಿದು ನಿಧಾನ ಮಾಡತ್ತೆ. ಎಂಜಿನ್ ಸದ್ದು ಜಾಸ್ತಿಯಾಗತ್ತೆ, ಆಗಲಿ. ಪೆಟ್ರೋಲ್ ಜಾಸ್ತಿ ಕುಡಿಯತ್ತೆ ಅನ್ನೋದು ತಪ್ಪು. ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಜೆಕ್ಷನ್ ಎಂಜಿನ್ ಪೆಟ್ರೋಲ್ ಪೂರೈಕೆಯನ್ನೇ ನಿಲ್ಲಿಸತ್ತೆ. ನ್ಯೂಟ್ರಲ್ ಮಾಡಿ ಇಳಿಸೋರು ಪೆಟ್ರೋಲೂ ಉಳಿಸಲ್ಲ, ಎಂಜಿನ್ನಿನ ಹಿಡಿತವನ್ನೂ ಕೈಯಾರೆ ಬಿಡ್ತಾರೆ.

ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಆ ಬಿಟ್ಟ ಹೊತ್ತಲ್ಲೇ ಡಿಸ್ಕ್ ಉಸಿರಾಡೋದು. ವಾಸನೆ ಬಂದ್ರೆ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ, ಗೇರ್ ಪಾರ್ಕಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಡಿಸ್ಕ್ ಮೇಲೆ ನೀರು ಹೊಯ್ಯಬೇಡಿ, ಕಬ್ಬಿಣ ಸೊಟ್ಟಗಾಗಬಹುದು, ಬಿರಿಯಲೂಬಹುದು.

ರೀಮ್ಯಾಪ್ ಬಗ್ಗೆ ಎರಡೇ ಮಾತು. ಈ ಡಿಎಸ್‌ಜಿಯ ಹೆಸರು ಡಿಕ್ಯೂ200, ಒಣ ಕ್ಲಚ್ಚಿನದು, ತಡೆಯೋ ಗರಿಷ್ಠ ಟಾರ್ಕ್ 250 ಎನ್‌ಎಂ. ಬೆಂಗಳೂರು ಟ್ರಾಫಿಕ್‌ನಲ್ಲಿ ತೆವಳಿ ತೆವಳಿ ಮೊದಲೇ ಬಿಸಿ ತಿಂದಿರೋ ಕ್ಲಚ್ಚಿಗೆ ಇನ್ನಷ್ಟು ಟಾರ್ಕ್ ಹೊರಿಸೋಕೆ ನನಗೆ ಮನಸ್ಸಿಲ್ಲ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡೀತು. ವೇಗದ ಆಸೆ ಇದ್ರೆ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ರೇಸ್ ಟ್ರ್ಯಾಕ್ ಇದೆ, ಅಲ್ಲಿ ಎದುರಿಂದ ಯಾರೂ ಬರಲ್ಲ.

[ದೃಶ್ಯ: ತೆರೆದ ಬಾನೆಟ್. ರಿಸರ್ವಾಯರ್ ಪಕ್ಕ ಅಂಟಿಸಿದ ಬಿಳಿ ಟೇಪ್]

ಈ ಟೇಪ್ ಮೇಲೆ ಬರೆದಿರೋದು ಆಯಿಲ್ ಬದಲಾಯಿಸಿದ ತಿಂಗಳು, ಕಿಲೋಮೀಟರ್. ಹೋದ ತಿಂಗಳು ಅದೇ ನಾಲ್ಕು ಜನ, ಅದೇ ಘಾಟಿ ಇಳಿದ್ವಿ. ಎರಡನೇ ಗೇರು, ಕಿಟಕಿ ತೆರೆದಿತ್ತು, ವಾಸನೆ ಬರ್ಲಿಲ್ಲ. ಸೋಮೇಶ್ವರದಲ್ಲಿ ನಿಲ್ಲಿಸಿದಾಗ ಅಪ್ಪ ಇಳಿದು ಮುಂದಿನ ಚಕ್ರದ ಹತ್ತಿರ ಬಗ್ಗಿ, ಅಲಾಯ್ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿದ್ರು. "ಪರವಾಗಿಲ್ಲ, ನಡಿ" ಅಂದ್ರು.