ಆಂಟ್ವರ್ಪ್‌ನ ಹಳೇ ಪ್ರೆಸ್ಸು, ನನ್ನ ಒದ್ದೆ ಬೂಟು

ನನ್ನ ವ್ಲಾಗ್‌ನಲ್ಲಿ ಈ ಮ್ಯೂಸಿಯಂನ ಬಾಗಿಲು, ಟಿಕೆಟ್ಟು ಎಲ್ಲ ನೋಡಿದಿರಲ್ಲ, ಸೀದಾ ಒಳಗೆ ಬನ್ನಿ. ಇದು ಬೆಲ್ಜಿಯಂನ ಆಂಟ್ವರ್ಪ್. ಪ್ಲಾಂಟಿನ್-ಮೊರೆಟಸ್ ಅವರ ಮನೆ, ಅಚ್ಚುಕೂಟ, ಪುಸ್ತಕದಂಗಡಿ, ಎಲ್ಲಾ ಒಂದೇ ಕಡೆ. ಕ್ರಿಸ್ಟೋಫ್ ಪ್ಲಾಂಟಿನ್ ಅನ್ನುವ ಫ್ರಾನ್ಸಿನವನು 1555ರಲ್ಲಿ ಈ ಊರಲ್ಲಿ ಕೆಲಸ ಶುರು ಮಾಡಿದ. ಆಮೇಲೆ ಅಳಿಯ ಯಾನ್ ಮೊರೆಟಸ್, ಅವನ ಮಕ್ಕಳು ಮರಿಮಕ್ಕಳು. 1876ರಲ್ಲಿ ನಗರಕ್ಕೆ ಮಾರುವ ತನಕ ಮನೆತನದ ಕೈ ಬಿಟ್ಟಿರಲಿಲ್ಲ.

ಈ ವಿಡಿಯೋದಲ್ಲಿ ಮೂಲ ಸದ್ದು ತೆಗೆದು ಆಮೇಲೆ ಮಾತು ಸೇರಿಸಿದ್ದು ಯಾಕೆ ಅಂದ್ರೆ, ನನ್ನ ಬೂಟು. ಬರುವಾಗ ಮಳೆ ಹಿಡಿಯಿತು, ಬೂಟು ಪೂರ್ತಿ ಒದ್ದೆ. ಮರದ ನೆಲದ ಮೇಲೆ ಹೆಜ್ಜೆ ಇಟ್ಟರೆ ಕೀಚ್, ಕೀಚ್. ಎಲ್ಲರೂ ತಿರುಗಿ ನೋಡುತ್ತಾರೆ. ನಿಂತರೆ ಸುಮ್ಮನಿರುತ್ತೆ, ಆದ್ರೆ ನಿಂತುಕೊಂಡೇ ವ್ಲಾಗ್ ಮಾಡೋಕಾಗುತ್ತಾ? ತುದಿಗಾಲಲ್ಲಿ ನಡೆದೆ, ಆಗ ಇನ್ನೂ ಜೋರು. ವಾಟರ್‌ಪ್ರೂಫ್ ಅಂತ ಜಾಸ್ತಿ ದುಡ್ಡು ಕೊಟ್ಟು ತಗೊಂಡ ಬೂಟು ಸ್ವಾಮಿ ಇದು! ಒಳಗೆ ಬಂದ ನೀರು ಹೊರಗೆ ಹೋಗದ ಹಾಗೆ ಕಾಪಾಡುವುದರಲ್ಲಿ ಮಾತ್ರ ವಾಟರ್‌ಪ್ರೂಫ್.

ಹಾಂ, ಈ ಎರಡು ಮರದ ಪ್ರೆಸ್ಸು ನೋಡಿ. ಸುಮಾರು 1600ರವು, ಪ್ರಪಂಚದಲ್ಲಿ ಉಳಿದಿರುವುದರಲ್ಲಿ ಇವೇ ಅತಿ ಹಳೆಯವು. ಒಂದಕ್ಕೆ ಇಬ್ಬರು ಆಳು. ಒಬ್ಬ ಚರ್ಮದ ಉಂಡೆಯಿಂದ ಅಚ್ಚಿನ ಮೊಳೆಗಳಿಗೆ, ಅಂದ್ರೆ ಜೋಡಿಸಿದ ಲೋಹದ ಅಕ್ಷರಗಳಿಗೆ, ಮಸಿ ಬಡಿಯುತ್ತಾನೆ, ಇನ್ನೊಬ್ಬ ಹಿಡಿ ಎಳೆಯುತ್ತಾನೆ. ಆ ಚರ್ಮ ಗಟ್ಟಿಯಾಗಬಾರದು ಅಂತ ಉಚ್ಚೆಯಲ್ಲಿ ನೆನೆಹಾಕುತ್ತಿದ್ದರಂತೆ. ಹಳೇ ಪುಸ್ತಕದ ಪರಿಮಳ ಅಂತ ಕವಿತೆ ಬರೆಯುವವರು ಇದನ್ನೂ ಸೇರಿಸಲಿ.

ಈ ದಪ್ಪ ಪುಸ್ತಕ ಐದು ಭಾಷೆಯ ಬೈಬಲ್, 1568ರಿಂದ 1573, ಎಂಟು ಸಂಪುಟ. ಆಗ ಈ ಊರನ್ನೂ ಆಳುತ್ತಿದ್ದ ಸ್ಪೇನಿನ ರಾಜ ಎರಡನೇ ಫಿಲಿಪ್‌ನ ಆಶ್ರಯ. ಇಂಥದ್ದಕ್ಕೆ ಪ್ರೆಸ್ಸಿಗಿಂತ ಕಾಗದಕ್ಕೇ ಜಾಸ್ತಿ ಖರ್ಚು. ಒಂದು ಪ್ರತಿ ಮಾರುವ ಮೊದಲೇ ಅಷ್ಟೂ ಕಾಗದಕ್ಕೆ ದುಡ್ಡು ಸುರಿದಿರಬೇಕು. ಅದಕ್ಕೇ ದುಡ್ಡಿಗಾಗಿ ಯಾರ ಕೆಲಸವಾದರೂ ಹಿಡಿಯುವ ಈ ಪ್ಲಾಂಟಿನ್ ಭಲೇ ಅವಕಾಶವಾದಿ ಅಂತ ನನಗೆ ಅನಿಸಿತ್ತು. ರಾಜನಿಗೂ ಅಚ್ಚು ಹಾಕಿದ, ಆಮೇಲೆ ಅದೇ ರಾಜನ ವಿರುದ್ಧ ಎದ್ದವರಿಗೂ ಹಾಕಿದ. ಆದ್ರೆ 1576ರಲ್ಲಿ ಸಂಬಳ ಸಿಗದ ಸ್ಪೇನಿನ ಸೈನಿಕರೇ ಊರಿಗೆ ನುಗ್ಗಿ ಲೂಟಿ ಮಾಡಿದರು. ಮನೆ ಉಳಿಸಿಕೊಳ್ಳೋಕೆ ಇವನು ಮತ್ತೆ ಮತ್ತೆ ದುಡ್ಡು ಕಕ್ಕಬೇಕಾಯಿತು. ಅಂಥವನು ನಿಷ್ಠೆ ಯಾರಿಗೆ ಇಟ್ಟುಕೊಳ್ಳಬೇಕಿತ್ತು ಹೇಳಿ? ಹೋಗಲಿ, ಮಾಫಿ. ಇವನ ಮಗಳಂದಿರ ಕಥೆ ಇನ್ನೂ...

ಅಯ್ಯೋ, ಶಾಟ್ ಮುಗೀತು. ಇದು ಕರಡು ತಿದ್ದುವವರ ಕೋಣೆ. ಕಿಟಕಿ ಬೆಳಕಿಗೆ ಹೊಂದಿಸಿ ಹಾಕಿದ ಓಕ್ ಮರದ ಮೇಜು. ಹೀಬ್ರೂ, ಗ್ರೀಕ್ ಬಲ್ಲವರು ಇಂಥ ಕಡೆ ಕೂತು ಒಂದೊಂದೇ ಅಕ್ಷರ ನೋಡುತ್ತಿದ್ದರು. ನನ್ನ ಸಬ್‌ಟೈಟಲ್‌ಗೆ ಅಂಥವರು ಯಾರೂ ಇಲ್ಲ, ತಪ್ಪಿದ್ದರೆ ಕೆಳಗೆ ಬರೆಯಿರಿ.